ಒಂದು ಚೀಟಿಗೆ ಹತ್ತು ವರ್ಷ

1950ರಲ್ಲಿ ಟೊಯೊಟಾ ಕಂಪನಿ ಮುಳುಗುವ ಹಂತದಲ್ಲಿತ್ತು. ತಯಾರಾದ ಲಾರಿಗಳು ಮಾರಾಟವಾಗಲಿಲ್ಲ, ಸಾಲ ಏರಿತು, ಕೆಲಸಗಾರರನ್ನು ಮನೆಗೆ ಕಳಿಸಬೇಕಾಯಿತು. ಮುಷ್ಕರ ನಡೆಯಿತು. ಕಂಪನಿ ಕಟ್ಟಿದ ಕಿಯಿಚಿರೊ ಟೊಯೊಡಾ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಇಂದು ಜಗತ್ತಿನ ಎಷ್ಟೋ ಕಾರ್ಖಾನೆಗಳು ಅನುಸರಿಸಲು ಹೆಣಗುವ ಉತ್ಪಾದನಾ ಪದ್ಧತಿ ಬೆಳೆದದ್ದು ಇಂಥ ಬಡತನದಲ್ಲಿ. ಬೇಡದ್ದನ್ನು ಮಾಡಿ ಗುಡ್ಡೆ ಹಾಕಲು ಅಲ್ಲಿ ದುಡ್ಡೇ ಇರಲಿಲ್ಲ.

ಯಂತ್ರ ವಿಭಾಗದ ಮುಖ್ಯಸ್ಥ ತೈಯಿಚಿ ಓನೊ ಅದಕ್ಕೂ ಮುಂಚೆಯೇ ಕೆಲಸ ಶುರುಮಾಡಿದ್ದರು. ಒಬ್ಬನಿಗೆ ಒಂದು ಯಂತ್ರ ಎಂಬ ವಾಡಿಕೆ ಮುರಿದು, 1947ರ ಹೊತ್ತಿಗೆ ಒಬ್ಬನಿಗೆ ಎರಡು ಯಂತ್ರ ವಹಿಸಿದರು. ಹಳೆಯ ಕಸುಬುದಾರರು ಸಿಟ್ಟಾದರು. ಅವರ ಸಿಟ್ಟಿನಲ್ಲಿ ನ್ಯಾಯವೂ ಇತ್ತು: ಕೈ ಪಳಗಿದ ಒಂದೇ ಕೆಲಸ ಬಿಟ್ಟು ನಾಲ್ಕು ಕೆಲಸ ಕಲಿಯುವುದು ಸುಲಭವಲ್ಲ. ಯಂತ್ರದ ಪಕ್ಕದಲ್ಲೇ ಕಾವಲು ನಿಲ್ಲುವ ಅಗತ್ಯ ತಪ್ಪಿಸುವ ಉಪಾಯ ಮಾತ್ರ ಟೊಯೊಡಾ ಮನೆತನದಲ್ಲೇ ಇತ್ತು. ಕಿಯಿಚಿರೊ ಅವರ ತಂದೆ ಸಾಕಿಚಿ 1924ರಲ್ಲಿ ರೂಪಿಸಿದ ಮಗ್ಗ, ಎಳೆ ಹರಿದೊಡನೆ ತಾನೇ ನಿಲ್ಲುತ್ತಿತ್ತು.

1953ರ ಸುಮಾರಿಗೆ ಬಂದದ್ದು ಕಾನ್‌ಬಾನ್ ಚೀಟಿ. ಮುಂದಿನ ಕೆಲಸದವನು ಚೀಟಿ ಕೊಟ್ಟು ತನಗೆ ಬೇಕಾದಷ್ಟು ಬಿಡಿಭಾಗ ಒಯ್ಯಬೇಕು. ಒಯ್ದಷ್ಟನ್ನು ಮಾತ್ರ ಹಿಂದಿನವನು ಮತ್ತೆ ಮಾಡಬೇಕು. ಕೇಳಲು ಸರಳ. ಜಾರಿಗೆ ತಂದ ಕೂಡಲೇ ಅಡಗಿದ್ದ ತೊಂದರೆಗಳೆಲ್ಲ ಮೇಲೆದ್ದವು. ಸ್ವಲ್ಪ ಸ್ವಲ್ಪವೇ ಮಾಡಬೇಕೆಂದರೆ ಪ್ರೆಸ್ಸಿನ ಡೈಯನ್ನು, ಅಂದರೆ ಲೋಹಕ್ಕೆ ಆಕಾರ ಕೊಡುವ ಅಚ್ಚನ್ನು, ಪದೇಪದೇ ಬದಲಿಸಬೇಕು. ಒಂದು ಸಲ ಬದಲಿಸಲು ಎರಡು ಮೂರು ಗಂಟೆ ಹಿಡಿಯುತ್ತಿದ್ದರೆ ಚೀಟಿ ಏನು ಮಾಡೀತು? ಹಾಗಾಗಿ ಡೈ ಬದಲಿಸುವ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ನೋಡಿದರು. ಯಂತ್ರ ಓಡುತ್ತಿರುವಾಗಲೇ ಮುಗಿಸಬಹುದಾದ ತಯಾರಿಯನ್ನು ಬೇರ್ಪಡಿಸಿದರು. 1950ರ ದಶಕದಲ್ಲಿ ಆ ಅವಧಿ ಒಂದು ಗಂಟೆಗಿಂತ ಕೆಳಗಿಳಿಯಿತು. 1970ರ ಹೊತ್ತಿಗೆ ಮೂರು ನಿಮಿಷಕ್ಕೆ ಬಂತು. ನನ್ನ ಮಟ್ಟಿಗೆ ಈ ಕಥೆಯ ತಿರುಳು ಇದೇ. ಒಂದು ಸುಧಾರಣೆ ಇನ್ನೊಂದನ್ನು ಕೇಳುತ್ತಾ ಹೋಯಿತು, ಅವರು ಕೊಡುತ್ತಾ ಹೋದರು.

ಚೀಟಿ ಇಡೀ ಕಂಪನಿಗೆ ಹರಡಿದ್ದು 1962ರ ಸುಮಾರಿಗೆ, ಬಿಡಿಭಾಗ ಪೂರೈಸುವ ಹೊರಗಿನ ಕಂಪನಿಗಳಿಗೆ ಆಮೇಲೆ. 1973ರ ತೈಲ ಬಿಕ್ಕಟ್ಟಿನ ಬಳಿಕವಷ್ಟೇ ಜಪಾನಿನ ಉಳಿದ ಉದ್ಯಮಗಳು ಇತ್ತ ತಿರುಗಿ ನೋಡಿದವು.

ಪದ್ಧತಿ ಜಪಾನಿನ ಹೊರಗೂ ಹೋಯಿತು. ಅಮೆರಿಕದ ಜನರಲ್ ಮೋಟಾರ್ಸ್ 1982ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯನ್ನು ಮುಚ್ಚಿತ್ತು. 1984ರಲ್ಲಿ ಟೊಯೊಟಾ ಜೊತೆ ಸೇರಿ ಅದನ್ನೇ ಮತ್ತೆ ತೆರೆಯಿತು. ಕೆಲಸಗಾರರಲ್ಲಿ ಹೆಚ್ಚಿನವರು ಹಳಬರೇ. ತಪ್ಪು ಕಂಡರೆ ಹಗ್ಗ ಎಳೆದು ಜೋಡಣೆಯ ಲೈನನ್ನೇ ನಿಲ್ಲಿಸುವ ಅಧಿಕಾರ ಅವರ ಕೈಗೆ ಬಂತು, ಕಾರುಗಳ ಗುಣಮಟ್ಟ ಬೇಗನೆ ಸುಧಾರಿಸಿತು. ಅದೇ ಪಾಠ ಜನರಲ್ ಮೋಟಾರ್ಸ್‌ನ ಉಳಿದ ಕಾರ್ಖಾನೆಗಳಿಗೆ ಇಳಿಯಲು ಹಲವು ವರ್ಷಗಳೇ ಬೇಕಾದವು. ಹಗ್ಗ ಕಟ್ಟಿಸುವುದು ಸುಲಭ; ಹಗ್ಗ ಎಳೆದವನನ್ನು ಗದರದ ಮೇಲ್ವಿಚಾರಕನನ್ನು ತಯಾರು ಮಾಡುವುದು ಕಷ್ಟ.

ಜನರನ್ನು ತಯಾರು ಮಾಡುವ ಕೆಲಸ ನಮ್ಮಲ್ಲೂ ನಡೆದಿದೆ. ನಮ್ಮ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ 1999ರಲ್ಲಿ ಉತ್ಪಾದನೆ ಆರಂಭಿಸಿತು. 2007ರಲ್ಲಿ ಅಲ್ಲೇ ಒಂದು ತರಬೇತಿ ಶಾಲೆ ತೆರೆಯಿತು. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಮಕ್ಕಳು ಅಲ್ಲಿಯೇ ಉಳಿದು ಮೂರು ವರ್ಷ ಕಲಿಯುತ್ತಾರೆ.