ಹೃದಯಾಘಾತದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು: ಕನಕಪುರ ತಾಲ್ಲೂಕಿನ ಸಾರ್ವಜನಿಕರಿಗೆ ಮಾಹಿತಿ

ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಂತಾಗ ಹೃದಯಾಘಾತ ಸಂಭವಿಸುತ್ತದೆ. ಹರಿವು ಮರಳುವುದು ತಡವಾದಷ್ಟೂ ಹೃದಯದ ಸ್ನಾಯು ಶಾಶ್ವತವಾಗಿ ನಾಶವಾಗುತ್ತದೆ. ಕನಕಪುರದಿಂದ ಬೆಂಗಳೂರು ಸುಮಾರು 55 ಕಿ.ಮೀ. ದೂರದಲ್ಲಿದ್ದು, ಸಾತನೂರು, ಕೋಡಿಹಳ್ಳಿ ಹೋಬಳಿಗಳ ಗ್ರಾಮಗಳಿಂದ ಈ ಅಂತರ ಇನ್ನೂ ಹೆಚ್ಚು. ಆದುದರಿಂದ ಹತ್ತಿರದ ಆಸ್ಪತ್ರೆಯಲ್ಲಿಯೇ ಚಿಕಿತ್ಸೆ ಆರಂಭವಾಗುವುದು ಅತ್ಯಗತ್ಯ.

ಯೋಜನೆಯ ವಿವರ
ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ನಿಧನರಾದರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರವು 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆಯನ್ನು ರೂಪಿಸಿತು. ಯೋಜನೆಗೆ ಒಳಪಟ್ಟ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಹೃದ್ರೋಗ ಸಂಸ್ಥೆಯಂತಹ ಕೇಂದ್ರಗಳ ತಜ್ಞರು ಪರಿಶೀಲಿಸುತ್ತಾರೆ. ಅಗತ್ಯವಿದ್ದಲ್ಲಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ.

ಔಷಧಿಯ ಬಳಕೆ
1. ಎಲ್ಲ ಎದೆನೋವಿಗೂ ಇದನ್ನು ನೀಡಲಾಗುವುದಿಲ್ಲ. ರಕ್ತನಾಳ ಪೂರ್ಣವಾಗಿ ಮುಚ್ಚಿರುವುದನ್ನು ಇ.ಸಿ.ಜಿ. ಸೂಚಿಸಿದಾಗ ಮಾತ್ರ ನೀಡಲಾಗುತ್ತದೆ.
2. ರೋಗಿಯ ತೂಕಕ್ಕನುಗುಣವಾಗಿ 30ರಿಂದ 50 ಮಿ.ಗ್ರಾಂ. ಪ್ರಮಾಣವನ್ನು ರಕ್ತನಾಳದ ಮೂಲಕ ಒಂದೇ ಬಾರಿಗೆ ಕೊಡಲಾಗುತ್ತದೆ.
3. ನೋವು ಆರಂಭವಾದ 12 ಗಂಟೆಯೊಳಗೆ ಕೊಡಬಹುದಾದರೂ ಮೊದಲ 3 ಗಂಟೆಗಳಲ್ಲಿ ಪ್ರಯೋಜನ ಅತ್ಯಧಿಕ.
4. ಚುಚ್ಚುಮದ್ದಿನಿಂದ ಚಿಕಿತ್ಸೆ ಮುಗಿಯುವುದಿಲ್ಲ. ನೋವು ಕಡಿಮೆಯಾದರೂ ರೋಗಿಯು ಆಂಜಿಯೋಗ್ರಾಂ ಸೌಲಭ್ಯವಿರುವ ಆಸ್ಪತ್ರೆಗೆ ತೆರಳತಕ್ಕದ್ದು.

ಸುರಕ್ಷತೆ
ಹೆಪ್ಪನ್ನು ಕರಗಿಸುವ ಗುಣದಿಂದಲೇ ಈ ಔಷಧಿಯು ರಕ್ತಸ್ರಾವಕ್ಕೂ ಕಾರಣವಾಗಬಹುದು. ಸುಮಾರು 100ರಲ್ಲಿ ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಸಂಭವವಿದೆ. ಆದ್ದರಿಂದ ಕೆಳಕಂಡ ಅಂಶಗಳನ್ನು ವೈದ್ಯರಿಂದ ಮರೆಮಾಚಬಾರದು:
• ಹಿಂದೆ ಪಾರ್ಶ್ವವಾಯು ಅಥವಾ ಮೆದುಳಿನ ರಕ್ತಸ್ರಾವ ಆಗಿರುವುದು
• ಇತ್ತೀಚಿನ ಶಸ್ತ್ರಚಿಕಿತ್ಸೆ, ತಲೆಗೆ ಪೆಟ್ಟು
• ಹೊಟ್ಟೆ ಅಥವಾ ಕರುಳಿನ ರಕ್ತಸ್ರಾವ
• ಹತೋಟಿಗೆ ಬಾರದ ರಕ್ತದೊತ್ತಡ
• ವಾರ್ಫರಿನ್ ಮುಂತಾದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳ ಸೇವನೆ

ಸಾರ್ವಜನಿಕರ ಗಮನಕ್ಕೆ
ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಕಂಡುಬಂದಲ್ಲಿ 108ಕ್ಕೆ ಕರೆ ಮಾಡತಕ್ಕದ್ದು. ಮಧುಮೇಹಿಗಳಲ್ಲಿ ಹಾಗೂ ಮಹಿಳೆಯರಲ್ಲಿ ನೋವಿಲ್ಲದೆ ಸುಸ್ತು, ವಾಕರಿಕೆ ಮಾತ್ರವೇ ಕಾಣಿಸಿಕೊಳ್ಳಬಹುದು. ಗ್ಯಾಸ್ಟ್ರಿಕ್ ಎಂದು ಭಾವಿಸಿ ಮನೆಯಲ್ಲಿ ಕಾಯುವುದಾಗಲಿ, ಇ.ಸಿ.ಜಿ. ಮಾಡಿಸದೆ ಸೊಂಟಕ್ಕೆ ನೋವಿನ ಸೂಜಿ ಹಾಕಿಸಿಕೊಳ್ಳುವುದಾಗಲಿ ಸಲ್ಲದು. ಹೆಪ್ಪು ಕರಗಿಸುವ ಔಷಧಿ ಕೊಟ್ಟ ಬಳಿಕ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತಸ್ರಾವವಾಗಬಹುದು. ರೋಗಿಯು ಸೇವಿಸುತ್ತಿರುವ ಮಾತ್ರೆಗಳನ್ನು ಹಾಗೂ ಹಳೆಯ ಚೀಟಿಗಳನ್ನು ಜೊತೆಯಲ್ಲಿ ತರುವಂತೆ ಕೋರಲಾಗಿದೆ. ಅವುಗಳನ್ನು ಹುಡುಕುವ ಸಲುವಾಗಿ ಹೊರಡುವುದನ್ನು ತಡಮಾಡಬಾರದು.