ಸಂಕೋಚವನ್ನು ಬದಿಗಿಟ್ಟು: ದಾಂಪತ್ಯಕ್ಕೆ ಒದಗುವ ಜೆಲ್‌ನ ಆಯ್ಕೆ

ಕೆಲವು ವರ್ಷಗಳ ಹಿಂದೆ, ನಿವೃತ್ತಿಯ ಅಂಚಿನಲ್ಲಿದ್ದ ನಮ್ಮ ಬ್ಯಾಂಕಿನ ಹಿರಿಯ ಸಹೋದ್ಯೋಗಿಯೊಬ್ಬರು ಊಟದ ವಿರಾಮದಲ್ಲಿ ದನಿ ತಗ್ಗಿಸಿ, "ಮನೆಯವಳಿಗೆ ನನ್ನ ಮೇಲಿನ ಅಕ್ಕರೆಯೇ ಬತ್ತಿದೆ" ಎಂದಿದ್ದರು. ಬತ್ತಿದ್ದು ಅಕ್ಕರೆಯಲ್ಲವೆಂಬುದು ದಂಪತಿಗಳಿಬ್ಬರೂ ಸ್ತ್ರೀರೋಗ ತಜ್ಞೆಯನ್ನು ಕಂಡ ಮೇಲೆ ತಿಳಿಯಿತು. ಆ ತಾಯಿಗೆ ಸಮಾಗಮದಲ್ಲಿ ನೋವಾಗುತ್ತಿತ್ತು. ಹೇಳಿಕೊಳ್ಳಲು ನಾಚಿಕೆ ಅಡ್ಡಬಂದಿತ್ತು.

ನಮ್ಮ ದೇಶದಲ್ಲಿ ಬಹುತೇಕ ಮಹಿಳೆಯರು 45ರಿಂದ 50ರ ವಯಸ್ಸಿನೊಳಗೆ ರಜೋನಿವೃತ್ತಿಯನ್ನು ಹೊಂದುತ್ತಾರೆ. ಈಸ್ಟ್ರೊಜೆನ್ ಕುಗ್ಗಿದಂತೆ ಯೋನಿಯ ಒಳಪದರ ತೆಳುವಾಗಿ ಸಹಜ ತೇವಾಂಶ ಕಡಿಮೆಯಾಗುತ್ತದೆ. ಹಾಲೂಡಿಸುವ ಎಳೆಯ ತಾಯಂದಿರಲ್ಲಿಯೂ ಇದು ಉಂಟು. ಆಗ ನೆರವಾಗುವುದೇ ಲೂಬ್ರಿಕೆಂಟ್ ಜೆಲ್. ನಿಘಂಟು ಈ ಇಂಗ್ಲಿಷ್ ಪದಕ್ಕೆ 'ಕೀಲೆಣ್ಣೆ' ಎಂಬ ಅರ್ಥ ಕೊಡುತ್ತದೆ. ಯಂತ್ರಗಳಿಗೆ ಒಪ್ಪುವ ಆ ಪದವನ್ನು ಇಲ್ಲಿ ಬಳಸಲು ನನಗೇಕೋ ಮನಸ್ಸಾಗದು.

ನಮ್ಮವರ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಯ ಬಾಟಲಿಯತ್ತ. ಆದರೆ ಯಾವುದೇ ಎಣ್ಣೆಯಾಗಲಿ, ವ್ಯಾಸಲೀನ್ ಆಗಲಿ, ಲ್ಯಾಟೆಕ್ಸ್ ಕಾಂಡೊಮನ್ನು ಕೆಲವೇ ನಿಮಿಷಗಳಲ್ಲಿ ದುರ್ಬಲಗೊಳಿಸಬಲ್ಲದು. ಮುಟ್ಟು ನಿಂತು ಸತತ 12 ತಿಂಗಳು ಕಳೆಯುವವರೆಗೆ ಗರ್ಭಧಾರಣೆಯ ಸಂಭವ ಇದ್ದೇ ಇರುವುದರಿಂದ ಈ ಮಾತನ್ನು ನಲವತ್ತು ದಾಟಿದವರೂ ಗಮನಿಸತಕ್ಕದ್ದು. ಸಿಲಿಕೋನ್ ಜೆಲ್ ಕಾಂಡೊಮ್‌ಗೆ ಹಾನಿ ಮಾಡದು, ಹೆಚ್ಚು ಹೊತ್ತು ನಿಲ್ಲುತ್ತದೆ. ಹೆಚ್ಚಿನವರಿಗೆ ಸಾಲುವುದು ನೀರಿನ ಆಧಾರದ ಜೆಲ್. ಬೇಗ ಒಣಗುವುದೊಂದೇ ಅದರ ಕೊರತೆ.

ಆದರೆ ನೀರಿನ ಆಧಾರದವುಗಳೆಲ್ಲ ಒಂದೇ ಗುಣದವಲ್ಲ. ಉಪ್ಪು ಬೆರೆಸಿದ ಮಾವಿನ ಹೋಳು ಜಾಡಿಯಲ್ಲಿ ನೀರು ಬಿಡುವುದನ್ನು ನಾವೆಲ್ಲ ಕಂಡಿದ್ದೇವೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಅಧಿಕವಾಗಿರುವ ಗಾಢ ಜೆಲ್ ಒಳಪದರದ ಜೀವಕೋಶಗಳಿಂದ ಹೀಗೆಯೇ ನೀರನ್ನು ಸೆಳೆದು ಉರಿ ತರಬಲ್ಲದು. ಈ ಗಾಢತೆಯ ಅಳತೆಗೆ ಆಸ್ಮೊಲಾಲಿಟಿ ಎಂದು ಹೆಸರು. ಅದು 380ನ್ನು ಮೀರದಿದ್ದರೆ ಉತ್ತಮ, 1200ನ್ನಂತೂ ದಾಟಬಾರದು, ಪಿಎಚ್ 4.5ರ ಆಸುಪಾಸಿನಲ್ಲಿರಬೇಕು ಎಂದು 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆಯಿತ್ತಿತು. ಎಲ್ಲ ಪೊಟ್ಟಣಗಳ ಮೇಲೂ ಈ ಅಂಕಿಗಳು ಇರುವುದಿಲ್ಲ. ಆಗ ಘಟಕಗಳ ಪಟ್ಟಿಯನ್ನಾದರೂ ಓದಬೇಕು. ಗ್ಲಿಸರಿನ್ ಮೊದಲ ಸಾಲಿನಲ್ಲೇ ಇದ್ದರೆ ಬೇರೊಂದನ್ನು ಕೇಳುವುದು ಲೇಸು. ಸುಗಂಧ, ಹಣ್ಣಿನ ಸ್ವಾದ, 'ಬಿಸಿ ಅನುಭವ' ಇತ್ಯಾದಿ ಆಕರ್ಷಣೆಗಳು ಸೂಕ್ಷ್ಮ ಚರ್ಮಕ್ಕೆ ಹಿತವಲ್ಲ.

ಮಗುವಿನ ನಿರೀಕ್ಷೆಯಲ್ಲಿರುವವರು ವೈದ್ಯರನ್ನು ಕೇಳಿಯೇ ಕೊಳ್ಳಲಿ, ಏಕೆಂದರೆ ಅನೇಕ ಜೆಲ್‌ಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತವೆ.

ಜೆಲ್ ಆ ಹೊತ್ತಿನ ಉಪಶಮನವಷ್ಟೆ. ದಿನವಿಡೀ ಶುಷ್ಕತೆ ಕಾಡುವವರಿಗೆ ವಾರಕ್ಕೆ ಎರಡು ಮೂರು ಬಾರಿ ಬಳಸುವ ಯೋನಿ ಮಾಯಿಶ್ಚರೈಸರ್ ಇದೆ, ವೈದ್ಯರು ಬರೆದುಕೊಡುವ ಈಸ್ಟ್ರೊಜೆನ್ ಕ್ರೀಮ್ ಇದೆ. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದಿದ್ದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮುಟ್ಟು ನಿಂತ ಬಳಿಕ ಒಂದು ಹನಿ ರಕ್ತ ಕಂಡರೂ ತಡಮಾಡದೆ ಪರೀಕ್ಷೆಗೆ ಹೋಗಬೇಕು.

ನಮ್ಮ ಸಹೋದ್ಯೋಗಿಗೆ ಮೊದಲ ದಿನ ಅಂಗಡಿಯಾತ ಟ್ಯೂಬನ್ನು ಕಳ್ಳಮಾಲಿನಂತೆ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟಿದ್ದನಂತೆ. ಈಗ ರಕ್ತದೊತ್ತಡದ ಮಾತ್ರೆಗಳ ಚೀಟಿಯಲ್ಲೇ ಅದನ್ನೂ ಬರೆದುಕೊಂಡು ಹೋಗುತ್ತಾರೆ.