ಕುಸ್ತಿಯಲ್ಲಿ ಕಿವಿ ರಕ್ಷಾಕವಚ

ಕಿವಿ ರಕ್ಷಾಕವಚವು ಕುಸ್ತಿ, ಜಿಯು-ಜಿತ್ಸು ಮೊದಲಾದ ಹಿಡಿತದ ಕ್ರೀಡೆಗಳಲ್ಲಿ ಹೊರಕಿವಿಯನ್ನು ಉಜ್ಜಾಟ ಮತ್ತು ಪೆಟ್ಟಿನಿಂದ ಕಾಪಾಡಲು ಧರಿಸುವ ಸಾಧನ. ಇಂಗ್ಲಿಷಿನಲ್ಲಿ ಇದನ್ನು ‘ಇಯರ್ ಗಾರ್ಡ್’ ಅಥವಾ ‘ಹೆಡ್‌ಗೇರ್’ ಎನ್ನುತ್ತಾರೆ. ಕುಸ್ತಿಪಟುಗಳಲ್ಲಿ ಸಾಮಾನ್ಯವಾಗಿ ಕಾಣುವ ‘ಹೂಕೋಸು ಕಿವಿ’ ಎಂಬ ಶಾಶ್ವತ ವಿಕಾರವನ್ನು ತಡೆಯುವುದು ಇದರ ಮುಖ್ಯ ಉದ್ದೇಶ. ಕರ್ನಾಟಕದ ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ರೂಢಿಯಲ್ಲಿರುವ ಸಾಂಪ್ರದಾಯಿಕ ಮಣ್ಣಿನ ಕುಸ್ತಿಯ ಉಡುಪಿನಲ್ಲಿ ಈ ಕವಚಕ್ಕೆ ಸ್ಥಾನವಿಲ್ಲ. ಆದರೂ ಅಭ್ಯಾಸದ ವೇಳೆ ಇದನ್ನು ಧರಿಸಬೇಕೇ ಎಂಬುದು ಕುಸ್ತಿ ಕಲಿಯುವ ಬಾಲಕ-ಬಾಲಕಿಯರಿಗೂ ಅವರ ಪೋಷಕರಿಗೂ ಮಹತ್ವದ ಪ್ರಶ್ನೆಯಾಗಿದೆ.

ಗಾಯದ ಸ್ವರೂಪ

ಓಲೆ ಧರಿಸುವ ಕೆಳತುದಿಯನ್ನು ಬಿಟ್ಟರೆ ಹೊರಕಿವಿಯ ಆಕಾರಕ್ಕೆ ಆಧಾರವಾಗಿರುವುದು ಮೃದ್ವಸ್ಥಿ. ಮೃದ್ವಸ್ಥಿಗೆ ತನ್ನದೇ ಆದ ರಕ್ತನಾಳಗಳಿಲ್ಲ. ಅದನ್ನು ಅಂಟಿಕೊಂಡಿರುವ ತೆಳುವಾದ ಪೊರೆಯಿಂದಲೇ ಅದಕ್ಕೆ ಪೋಷಣೆ ದೊರೆಯುತ್ತದೆ. ಎದುರಾಳಿಯ ತೋಳಿನ ಹಿಡಿತದಿಂದ ತಲೆಯನ್ನು ಬಿಡಿಸಿಕೊಳ್ಳುವಾಗ, ತಲೆಗೆ ತಲೆ ಒತ್ತಿ ಸೆಣಸುವಾಗ ಅಥವಾ ಕಿವಿ ನೆಲಕ್ಕೆ ಉಜ್ಜಿದಾಗ ಈ ಪೊರೆ ಮೃದ್ವಸ್ಥಿಯಿಂದ ಬೇರ್ಪಡಬಹುದು. ಆಗ ಇವೆರಡರ ನಡುವೆ ರಕ್ತ ತುಂಬಿಕೊಂಡು ಕಿವಿ ಮೆತ್ತಗೆ ಊದಿಕೊಳ್ಳುತ್ತದೆ.

ಈ ರಕ್ತವನ್ನು ಹೊರತೆಗೆಯದಿದ್ದರೆ ಪೋಷಣೆ ದೊರೆಯದ ಮೃದ್ವಸ್ಥಿಯ ಭಾಗ ಸಾಯುತ್ತದೆ. ಅದರ ಜಾಗದಲ್ಲಿ ಗಟ್ಟಿಯಾದ ನಾರಿನಂಥ ಅಂಗಾಂಶ ಬೆಳೆದು ಕಿವಿ ದಪ್ಪಗಾಗಿ ಮುದುಡುತ್ತದೆ. ಪದೇ ಪದೇ ಗಾಯವಾದಲ್ಲಿ ವಿಕಾರವೂ ಹೆಚ್ಚುತ್ತದೆ. ಕೆಲವರಲ್ಲಿ ಕಿವಿಯ ದ್ವಾರ ಕಿರಿದಾಗಿ ಶ್ರವಣಕ್ಕೆ ತೊಂದರೆಯಾಗಬಹುದು. ಗಟ್ಟಿಯಾದ ಮೇಲೆ ಕಿವಿಯ ಆಕಾರವನ್ನು ಸರಿಪಡಿಸಲು ಶಸ್ತ್ರಚಿಕಿತ್ಸೆಯೇ ಬೇಕು.

ರಚನೆ ಮತ್ತು ಪರಿಣಾಮ

ಕವಚದಲ್ಲಿ ಎರಡು ಕಿವಿಗಳನ್ನು ಮುಚ್ಚುವ ಬಟ್ಟಲುಗಳೂ ಅವುಗಳನ್ನು ತಲೆ ಮತ್ತು ಗಲ್ಲಕ್ಕೆ ಬಿಗಿಯುವ ಪಟ್ಟಿಗಳೂ ಇರುತ್ತವೆ. ಬಟ್ಟಲಿನ ಅಂಚು ಕಿವಿಯ ಸುತ್ತಲಿನ ತಲೆಯ ಭಾಗದ ಮೇಲೆ ಕೂರಬೇಕು. ಕಿವಿಯನ್ನೇ ಒತ್ತುವ ಅಥವಾ ಹಿಡಿತದಲ್ಲಿ ಜಾರುವ ಕವಚದಿಂದ ಉಜ್ಜಾಟ ತಪ್ಪುವುದಿಲ್ಲ.

ಅಮೆರಿಕದ 537 ಕಾಲೇಜು ಕುಸ್ತಿಪಟುಗಳ ಸಮೀಕ್ಷೆಯೊಂದು 1989ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕವಚವಿಲ್ಲದೆ ಸೆಣಸುವಾಗ ಕಿವಿಯಲ್ಲಿ ರಕ್ತ ತುಂಬಿಕೊಂಡವರ ಪ್ರಮಾಣ ಶೇ. 52 ಆಗಿದ್ದರೆ, ಕವಚ ಧರಿಸಿದಾಗ ಅದು ಶೇ. 26 ಆಗಿತ್ತು. ಅಂದರೆ ಕವಚವು ಅಪಾಯವನ್ನು ಗಣನೀಯವಾಗಿ ತಗ್ಗಿಸುತ್ತದೆಯೇ ಹೊರತು ಸಂಪೂರ್ಣವಾಗಿ ನಿವಾರಿಸುವುದಿಲ್ಲ.

ಸ್ಪರ್ಧೆಯ ನಿಯಮಗಳು

ಅಂತರರಾಷ್ಟ್ರೀಯ ಮಟ್ಟದ ಫ್ರೀಸ್ಟೈಲ್ ಮತ್ತು ಗ್ರೀಕೋ-ರೋಮನ್ ಕುಸ್ತಿಯಲ್ಲಿ ಕವಚ ಕಡ್ಡಾಯವಲ್ಲ. ಲೋಹ ಅಥವಾ ಗಟ್ಟಿ ಭಾಗಗಳಿಲ್ಲದ, ಮಾನ್ಯತೆ ಪಡೆದ ಕವಚವನ್ನು ಧರಿಸಲು ವಿಶ್ವ ಕುಸ್ತಿ ಸಂಸ್ಥೆಯ ನಿಯಮಗಳಲ್ಲಿ ಅವಕಾಶವಿದೆ. ಅಮೆರಿಕದ ಪ್ರೌಢಶಾಲಾ ಕುಸ್ತಿಯಲ್ಲಿ ಇದು ಕಡ್ಡಾಯ. ಅಭ್ಯಾಸದಲ್ಲಿ ಧರಿಸುವ ವಿಚಾರವು ಬಹುಮಟ್ಟಿಗೆ ತರಬೇತುದಾರರು ಮತ್ತು ಕ್ರೀಡಾಪಟುಗಳಿಗೆ ಬಿಟ್ಟದ್ದು.

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದಲ್ಲಿ

ಯಾದಗಿರಿ ಜಿಲ್ಲೆಯು 2009ರ ಡಿಸೆಂಬರ್ 30ರಂದು ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಶಹಾಪುರ ಮತ್ತು ಸುರಪುರಗಳು ಈ ಜಿಲ್ಲೆಯಲ್ಲಿ ಕೃಷ್ಣಾ-ಭೀಮಾ ನದಿಗಳ ನಡುವಿನ ಪ್ರದೇಶದಲ್ಲಿವೆ. ಕಲ್ಯಾಣ ಕರ್ನಾಟಕದ ಇತರೆಡೆಗಳಂತೆ ಇಲ್ಲಿಯೂ ಕುಸ್ತಿಯು ಜಾತ್ರೆಗಳೊಂದಿಗೆ ಹೆಣೆದುಕೊಂಡಿದೆ. ಬಾಲಕರ ತೆಂಗಿನಕಾಯಿ ಕುಸ್ತಿಯಿಂದ ಆರಂಭವಾಗಿ ಬೆಳ್ಳಿಯ ಕಡಗದ ಕುಸ್ತಿಯೊಂದಿಗೆ ಮುಕ್ತಾಯವಾಗುವುದು ಜಾತ್ರೆಯ ಪಂದ್ಯಗಳ ಪರಿಚಿತ ಕ್ರಮ. ಹದಗೊಳಿಸಿದ ಮಣ್ಣಿನ ಕಣದಲ್ಲಿ ಲಂಗೋಟಿ ಅಥವಾ ಚಡ್ಡಿಯಷ್ಟೇ ಪೈಲ್ವಾನರ ಉಡುಪು. ಮುದುಡಿದ ಕಿವಿಯನ್ನು ಗರಡಿಯ ಸಾಧನೆಯ ಗುರುತೆಂದು ಹೆಮ್ಮೆಯಿಂದ ಕಾಣುವುದೂ ಉಂಟು.

ಆದರೆ ಈ ಗುರುತಿಗೆ ಬೆಲೆ ತೆರಬೇಕಾಗಬಹುದು. ಗ್ರಾಮೀಣ ಕುಸ್ತಿಪಟುಗಳಲ್ಲಿ ಅನೇಕರು ಸೇನೆ ಅಥವಾ ಪೊಲೀಸ್ ಇಲಾಖೆಯ ಉದ್ಯೋಗವನ್ನು ಗುರಿಯಾಗಿ ಇಟ್ಟುಕೊಂಡಿರುತ್ತಾರೆ. ಭಾರತೀಯ ಸಶಸ್ತ್ರ ಪಡೆಗಳ ವೈದ್ಯಕೀಯ ಮಾನದಂಡಗಳ ಪ್ರಕಾರ, ಸಮವಸ್ತ್ರ ಅಥವಾ ರಕ್ಷಣಾ ಸಲಕರಣೆಗಳನ್ನು ಧರಿಸಲು ಅಡ್ಡಿಯಾಗುವಷ್ಟು ತೀವ್ರವಾದ ಹೊರಕಿವಿಯ ವಿಕಾರವು ಅನರ್ಹತೆಗೆ ಕಾರಣವಾಗಬಹುದು. ಹದಿಹರೆಯದಲ್ಲಿ ನಿರ್ಲಕ್ಷಿಸಿದ ಊತವು ಹೀಗೆ ಮುಂದಿನ ಜೀವನೋಪಾಯವನ್ನೂ ತಟ್ಟಬಹುದು.

ಆಕ್ಷೇಪಣೆಗಳು

ಕವಚದ ವಿರುದ್ಧದ ಆಕ್ಷೇಪಣೆಗಳು ನಿರಾಧಾರವಲ್ಲ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ಕವಚದೊಳಗೆ ಬೆವರು ನಿಂತು ಕಿರಿಕಿರಿಯಾಗುತ್ತದೆ. ಉಸ್ತಾದರ ಸೂಚನೆ ಸ್ಪಷ್ಟವಾಗಿ ಕೇಳಿಸದಿರಬಹುದು. ಪಟ್ಟಿಗಳು ಎದುರಾಳಿಯ ಕೈಗೆ ಸಿಗಬಹುದು. ಮಣ್ಣು ಮತ್ತು ಬೆವರು ಅಂಟಿದ ಕವಚವನ್ನು ಸ್ವಚ್ಛಗೊಳಿಸದೆ ಬಳಸಿದರೆ ಅಥವಾ ಹಲವರು ಹಂಚಿಕೊಂಡರೆ ಚರ್ಮದ ಸೋಂಕು ಹರಡುವ ಸಾಧ್ಯತೆಯಿದೆ. ಪ್ರತಿಯೊಬ್ಬರೂ ತಮ್ಮದೇ ಕವಚವನ್ನು ಬಳಸಿ, ಪ್ರತಿ ಅಭ್ಯಾಸದ ನಂತರ ತೊಳೆದು ಒಣಗಿಸಿದರೆ ಸೋಂಕಿನ ಅಪಾಯ ತಗ್ಗುತ್ತದೆ.

ಜಾತ್ರೆಯ ಪಂದ್ಯ ವರ್ಷಕ್ಕೆ ಕೆಲವೇ ದಿನಗಳದ್ದು, ಅಭ್ಯಾಸ ದಿನನಿತ್ಯದ್ದು. ಕಿವಿ ಹೆಚ್ಚು ಕಾಲ ಉಜ್ಜಾಟಕ್ಕೆ ಒಳಗಾಗುವುದು ಅಭ್ಯಾಸದಲ್ಲೇ. ಆದ್ದರಿಂದ ಸ್ಪರ್ಧೆಯಲ್ಲಿ ಕವಚವಿಲ್ಲದೆ ಸೆಣಸುವವರಿಗೂ ಅಭ್ಯಾಸದಲ್ಲಿ, ಅದರಲ್ಲೂ ಜೋಡಿಯಾಗಿ ಹಿಡಿತಗಳನ್ನು ಕಲಿಯುವಾಗ, ಕವಚದಿಂದ ಪ್ರಯೋಜನವಿದೆ. ಒಮ್ಮೆ ಕಿವಿ ಊದಿಕೊಂಡು ಗುಣವಾದವರಿಗೆ ಇದು ಇನ್ನಷ್ಟು ಅಗತ್ಯ.

ಗಾಯವಾದಾಗ ಚಿಕಿತ್ಸೆ

ಕಿವಿ ಊದಿಕೊಂಡ ಕೂಡಲೇ ಅಭ್ಯಾಸವನ್ನು ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಸ್ವಲ್ಪ ಹೊತ್ತು ಇಡುವುದು ಪ್ರಥಮ ಚಿಕಿತ್ಸೆ. ತುಂಬಿಕೊಂಡ ರಕ್ತವನ್ನು ವೈದ್ಯರು ಸೂಜಿಯಿಂದ ಅಥವಾ ಸಣ್ಣ ಛೇದನದ ಮೂಲಕ ಹೊರತೆಗೆಯುತ್ತಾರೆ. ಅನಂತರ ಪೊರೆಯು ಮತ್ತೆ ಮೃದ್ವಸ್ಥಿಗೆ ಅಂಟಿಕೊಳ್ಳುವಂತೆ ಒತ್ತುಪಟ್ಟಿ ಕಟ್ಟುತ್ತಾರೆ ಅಥವಾ ಹೊಲಿಗೆ ಹಾಕುತ್ತಾರೆ. ಒತ್ತಡವಿಲ್ಲದಿದ್ದರೆ ರಕ್ತ ಮತ್ತೆ ತುಂಬಿಕೊಳ್ಳುವುದರಿಂದ ಈ ಎರಡನೆಯ ಹಂತವೂ ಮೊದಲಿನಷ್ಟೇ ಮುಖ್ಯ. ಮೊದಲ ಒಂದೆರಡು ದಿನಗಳಲ್ಲೇ ಚಿಕಿತ್ಸೆ ಪಡೆಯುವುದು ಉತ್ತಮ. ಒಂದು ವಾರ ಕಳೆದಂತೆ ಅಂಗಾಂಶ ಗಟ್ಟಿಯಾಗತೊಡಗುತ್ತದೆ.

ಗರಡಿಯಲ್ಲಿ ಸೂಜಿ ಚುಚ್ಚಿ ರಕ್ತ ತೆಗೆಯುವುದು ಮೃದ್ವಸ್ಥಿಯ ಸೋಂಕಿಗೆ ಎಡೆಮಾಡುತ್ತದೆ. ಎಣ್ಣೆ ತಿಕ್ಕುವುದರಿಂದ ರಕ್ತ ಹೊರಬರುವುದಿಲ್ಲ. ನೋವು ಹೆಚ್ಚುತ್ತಿದ್ದರೆ, ಕಿವಿ ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಅಥವಾ ಜ್ವರ ಕಾಣಿಸಿಕೊಂಡರೆ ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಗಾಯ ಪೂರ್ತಿ ಮಾಯುವ ಮೊದಲೇ ಕಣಕ್ಕಿಳಿದರೆ ಅದೇ ಜಾಗದಲ್ಲಿ ಮತ್ತೆ ರಕ್ತ ತುಂಬುತ್ತದೆ. ಹಾಗಾಗಿ ಅಭ್ಯಾಸಕ್ಕೆ ಮರಳುವ ದಿನವನ್ನು ವೈದ್ಯರ ಸಲಹೆಯಂತೆ ನಿರ್ಧರಿಸಬೇಕು.